ಭಾಷೆಯ ಕ್ಲಾಸು ನೋಡಿ ಕಾಲೇಜು ಆರಿಸಿ: ಆಫ್ರಿಕಾ ಅಧ್ಯಯನ ಕುರಿತ ಓದುಗರ ಪ್ರಶ್ನೆಗಳು

ಆಫ್ರಿಕಾ ಅಧ್ಯಯನದಲ್ಲಿ ಪದವಿ ಮಾಡಬೇಕೆಂದಿರುವ ವಿದ್ಯಾರ್ಥಿಗಳಿಂದ ಮತ್ತು ಅವರ ಮನೆಯವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಒಂದು ವಿಶ್ವವಿದ್ಯಾಲಯದಲ್ಲಿ ‘ಆಫ್ರಿಕನ್ ಸ್ಟಡೀಸ್’ ಅಂತಿದೆ, ಇನ್ನೊಂದರಲ್ಲಿ ‘ಆಫ್ರಿಕಾನಾ ಸ್ಟಡೀಸ್’, ಮತ್ತೊಂದರಲ್ಲಿ ‘ಆಫ್ರಿಕನ್ ಅಂಡ್ ಆಫ್ರಿಕನ್ ಅಮೆರಿಕನ್ ಸ್ಟಡೀಸ್’. ಮೂರೂ ಒಂದೇನಾ? ಯಾವುದಕ್ಕೆ ಅರ್ಜಿ ಹಾಕಲಿ?

ಒಂದೇ ಅಲ್ಲ. ಈ ಗೊಂದಲ ಬಗೆಹರಿಸಿಕೊಳ್ಳದೆ ಅರ್ಜಿ ಹಾಕಿದವರಿಗೆ ಎರಡನೇ ವರ್ಷದಲ್ಲಿ, ತಾವು ಓದಬೇಕೆಂದುಕೊಂಡ ವಿಷಯವೇ ಬೇರೆ, ಓದುತ್ತಿರುವುದೇ ಬೇರೆ ಎಂದು ತಿಳಿಯುತ್ತದೆ.

‘ಆಫ್ರಿಕನ್ ಸ್ಟಡೀಸ್’ ಎಂದರೆ ಸಾಮಾನ್ಯವಾಗಿ ಖಂಡದ ಅಧ್ಯಯನ. ಅಲ್ಲಿನ ಭಾಷೆ, ಇತಿಹಾಸ, ರಾಜಕೀಯ, ಕಲೆ, ಕೃಷಿ, ಅರ್ಥವ್ಯವಸ್ಥೆ ಎಲ್ಲ ಇದರೊಳಗೆ ಬರುತ್ತವೆ. ಅಮೆರಿಕದಲ್ಲಿ ಈ ಬಗೆಯ ಕೇಂದ್ರಗಳ ಚರಿತ್ರೆಯನ್ನು 1948ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮೆಲ್ವಿಲ್ ಹರ್ಸ್ಕೊವಿಟ್ಸ್ ಶುರುಮಾಡಿದ ಕಾರ್ಯಕ್ರಮದಿಂದ ಎಣಿಸುವ ರೂಢಿಯಿದೆ. ಆದರೆ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಲಿಯೊ ಹ್ಯಾನ್ಸ್‌ಬೆರಿ 1922ರಲ್ಲೇ ಆಫ್ರಿಕಾದ ಇತಿಹಾಸ ಕಲಿಸಲು ಆರಂಭಿಸಿದ್ದರು. ಅವರ ಹೆಸರನ್ನು ಬಿಟ್ಟು ಈ ಕಥೆ ಹೇಳುವುದು ಅನ್ಯಾಯ.

‘ಆಫ್ರಿಕಾನಾ’ ಅಥವಾ ‘ಬ್ಲ್ಯಾಕ್ ಸ್ಟಡೀಸ್’ ಬೇರೊಂದು ಹೋರಾಟದಿಂದ ಹುಟ್ಟಿದ್ದು. 1968ರಲ್ಲಿ ಶುರುವಾಗಿ ಸುಮಾರು ಐದು ತಿಂಗಳು ನಡೆದ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನ ವಿದ್ಯಾರ್ಥಿ ಮುಷ್ಕರ ಅದರ ದೊಡ್ಡ ಮೈಲಿಗಲ್ಲು. ಕಾರ್ನೆಲ್‌ನ ಆಫ್ರಿಕಾನಾ ಕೇಂದ್ರ 1969ರದು. ಇಲ್ಲಿ ಖಂಡದ ಜೊತೆಗೆ ಕೆರಿಬಿಯನ್, ಬ್ರೆಜಿಲ್, ಅಮೆರಿಕದ ಕಪ್ಪು ಜನರ ಬದುಕು, ಗುಲಾಮಗಿರಿ, ನಾಗರಿಕ ಹಕ್ಕುಗಳು ಎಲ್ಲ ಸೇರುತ್ತವೆ. ಕೆಲವು ಕಡೆ ಖಂಡಕ್ಕಿಂತ ಇವುಗಳದ್ದೇ ಹೆಚ್ಚು ಪಾಲು. ಹಾರ್ವರ್ಡ್‌ನಂಥ ಕಡೆ ಎರಡೂ ಒಂದೇ ವಿಭಾಗದಲ್ಲಿದ್ದು, ವಿದ್ಯಾರ್ಥಿ ಎರಡರಲ್ಲೊಂದು ದಾರಿ ಹಿಡಿಯಬೇಕು. ಇದು ಮೇಲು, ಅದು ಕೀಳು ಎಂದೇನಿಲ್ಲ. ನಿಮ್ಮ ಪ್ರಶ್ನೆ ನೈಜೀರಿಯಾದ ಲಾಗೋಸ್ ನಗರದ್ದೋ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನದ್ದೋ ಎಂಬುದಷ್ಟೇ ಮುಖ್ಯ.

ಹೆಸರು ನೋಡಿ ತೀರ್ಮಾನಿಸಬೇಡಿ, ಬೆಳ್ಳಗಿರುವುದೆಲ್ಲ ಹಾಲಲ್ಲ. ಕಡ್ಡಾಯ ಕೋರ್ಸ್‌ಗಳ ಪಟ್ಟಿ ತೆಗೆದು, ಅವುಗಳಲ್ಲಿ ಎಷ್ಟು ಖಂಡದ ನೆಲದ ಮೇಲೆ ನಡೆಯುವ ವಿಷಯಗಳು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಉತ್ತರ ಆಫ್ರಿಕಾದ ಬಗ್ಗೆ ಆಸಕ್ತಿ ಇರುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು. ಈಜಿಪ್ಟ್, ಮೊರಾಕೊ, ಅಲ್ಜೀರಿಯಾ ಎಷ್ಟೋ ಕಡೆ ‘ಮಧ್ಯಪ್ರಾಚ್ಯ’ ವಿಭಾಗದ ಪಾಲಾಗಿರುತ್ತವೆ. ಸುಡಾನ್ ಎರಡೂ ಕಡೆ ಸಲ್ಲದೆ ಉಳಿಯುತ್ತದೆ.

ಕೊನೆಯದಾಗಿ, ಪದವಿ ಪ್ರಮಾಣಪತ್ರದ ಮೇಲೆ ಏನು ಅಚ್ಚಾಗುತ್ತದೆ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಆಫ್ರಿಕಾ ಕೇಂದ್ರ ಇದೆ ಎಂದ ಮಾತ್ರಕ್ಕೆ ಆಫ್ರಿಕಾ ಅಧ್ಯಯನದಲ್ಲಿ ಬಿ.ಎ. ಇದೆ ಎಂದಲ್ಲ. ಹಲವು ಕಡೆ ಅದು ಮೈನರ್ (ಮುಖ್ಯ ವಿಷಯದ ಜೊತೆಗಿನ ಉಪವಿಷಯ) ಅಥವಾ ಸರ್ಟಿಫಿಕೇಟ್ ಮಾತ್ರ, ಮುಖ್ಯ ಪದವಿ ಇತಿಹಾಸದಲ್ಲೋ ರಾಜ್ಯಶಾಸ್ತ್ರದಲ್ಲೋ ಆಗಿರುತ್ತದೆ. ಇನ್ನು ಕೆಲವು ಕೇಂದ್ರಗಳು ಸ್ನಾತಕೋತ್ತರ ಮತ್ತು ಸಂಶೋಧನೆಯ ಮಟ್ಟದಲ್ಲೇ ಹೆಸರು ಮಾಡಿದಂಥವು. ದೆಹಲಿ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ವಿಭಾಗ (1955), ಮುಂಬಯಿ ವಿಶ್ವವಿದ್ಯಾಲಯದ ಕೇಂದ್ರ (1971), ಜೆಎನ್‌ಯು ಕೇಂದ್ರ ಈ ಸಾಲಿಗೆ ಸೇರಿದವು. ಅಲ್ಲಿಗೆ ಹೋಗುವ ಉದ್ದೇಶವಿದ್ದರೆ ಮೊದಲ ಪದವಿಯನ್ನು ಇತಿಹಾಸ, ಅರ್ಥಶಾಸ್ತ್ರ ಅಥವಾ ಭಾಷಾಶಾಸ್ತ್ರದಲ್ಲಿ ಗಟ್ಟಿಯಾಗಿ ಮಾಡಿಕೊಂಡು ಹೋಗುವುದು ಒಳ್ಳೆಯ ದಾರಿ.

ಪ್ರಶ್ನೆ: ನಾಲ್ಕು ಕಾಲೇಜುಗಳ ಪಟ್ಟಿ ಮಾಡಿಕೊಂಡಿದ್ದೇನೆ. ರ‍್ಯಾಂಕಿಂಗ್ ನೋಡಿದರೆ ಒಂದು, ಅಣ್ಣನನ್ನು ಕೇಳಿದರೆ ಇನ್ನೊಂದು. ಒಂದೇ ಒಂದು ಅಳತೆಗೋಲು ಇಟ್ಟುಕೊಳ್ಳಬೇಕೆಂದರೆ ಯಾವುದು?

ಮೂರನೇ ವರ್ಷದ ಭಾಷಾ ತರಗತಿ. ಆ ಕಾಲೇಜಿನಲ್ಲಿ ಯಾವುದಾದರೂ ಒಂದು ಆಫ್ರಿಕನ್ ಭಾಷೆಯನ್ನು ಮೂರನೇ ವರ್ಷದವರೆಗೆ ನಿಜವಾಗಿ ಕಲಿಸುತ್ತಾರೆಯೇ? ನಾವು ಮೊದಲು ನೋಡುವುದು ಇದನ್ನೇ.

ಕಾರಣ ಹೀಗಿದೆ. ಮೊದಲ ವರ್ಷದ ಸ್ವಾಹಿಲಿ ಬಹಳ ಕಡೆ ಸಿಗುತ್ತದೆ. ಅಲ್ಲಿ ‘ಹಬಾರಿ’ (ಹೇಗಿದ್ದೀರಿ), ‘ಅಸಾಂತೆ’ (ಧನ್ಯವಾದ), ಅಂಕಿಗಳು, ನಾಮವರ್ಗಗಳ (ನಾಮಪದಗಳನ್ನು ಅವುಗಳ ಉಪಸರ್ಗದಿಂದ ವಿಂಗಡಿಸುವ ಗುಂಪುಗಳ) ಪರಿಚಯ ಆಗುತ್ತದೆ. ಎರಡನೇ ವರ್ಷದಲ್ಲಿ ಸರಳ ಪಾಠಗಳು. ಪತ್ರಿಕೆಯ ಸಂಪಾದಕೀಯ ಓದುವುದು, ಹಳ್ಳಿಯ ಅಜ್ಜಿಯೊಬ್ಬರ ನೆನಪುಗಳನ್ನು ದುಭಾಷಿ ಇಲ್ಲದೆ ಕೇಳಿಸಿಕೊಳ್ಳುವುದು ಶುರುವಾಗುವುದೇ ಮೂರನೇ ವರ್ಷದಲ್ಲಿ. ಹೀಗಾಗಿ ಎರಡನೇ ವರ್ಷಕ್ಕೆ ನಿಂತರೆ ಇಡೀ ಪದವಿ ಇಂಗ್ಲಿಷ್‌ನಲ್ಲಿ ಹೊರಗಿನವರು ಬರೆದದ್ದನ್ನು ಓದುವುದಕ್ಕೇ ಸೀಮಿತವಾಗುತ್ತದೆ.

ಲೆಕ್ಕ ಹಾಕಿ ನೋಡಿ. ವಾರಕ್ಕೆ 5 ಗಂಟೆ, ವರ್ಷಕ್ಕೆ 30 ವಾರ ಎಂದರೆ 150 ಗಂಟೆ. ಮೂರು ವರ್ಷಕ್ಕೆ 450. ಇಂಗ್ಲಿಷ್ ಮಾತೃಭಾಷೆಯ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಸ್ವಾಹಿಲಿಗೆ 36 ವಾರ, ಅಂದರೆ ಸುಮಾರು 900 ಗಂಟೆ ಇಟ್ಟಿದೆ. ಅಂಹರಿಕ್ ಮತ್ತು ಸೊಮಾಲಿಗೆ 44 ವಾರ. ಅಂದರೆ ಮೂರು ವರ್ಷ ಪೂರ್ತಿ ಕಲಿತರೂ ಅರ್ಧ ದಾರಿ. ಉಳಿದರ್ಧ ಬೇಸಿಗೆ ಶಿಬಿರದಲ್ಲಿ, ಆ ಭಾಷೆಯ ನಾಡಿನಲ್ಲಿ ಕಳೆಯುವ ಒಂದು ಸೆಮಿಸ್ಟರಿನಲ್ಲಿ ತುಂಬಬೇಕು. ಆದ್ದರಿಂದ ಎರಡನೇ ಪ್ರಶ್ನೆ, ಬೇಸಿಗೆಯ ತೀವ್ರ ತರಬೇತಿಗೆ ಕಾಲೇಜು ಕಳಿಸುತ್ತದೆಯೇ, ಅದರ ಅಂಕ ಪದವಿಗೆ ಸೇರುತ್ತದೆಯೇ?

ಭಾಷಾ ವಿಭಾಗಕ್ಕೆ ನೇರವಾಗಿ ಇಮೇಲ್ ಬರೆಯಿರಿ. ಪ್ರವೇಶ ಕಚೇರಿಗೆ ಬರೆದರೆ ‘ಹನ್ನೆರಡು ಭಾಷೆಗಳಿವೆ’ ಎಂಬ ಸಿದ್ಧ ಉತ್ತರ ಬರುತ್ತದೆ. ಕಳೆದ ನಾಲ್ಕು ಸೆಮಿಸ್ಟರ್‌ಗಳಲ್ಲಿ ಮೂರನೇ ವರ್ಷದ ತರಗತಿ ನಡೆದಿದೆಯೇ, ಎಷ್ಟು ಜನ ಇದ್ದರು, ಕನಿಷ್ಠ ಎಷ್ಟು ಜನ ಸೇರದಿದ್ದರೆ ತರಗತಿ ರದ್ದಾಗುತ್ತದೆ, ಕಲಿಸುವವರು ಕಾಯಂ ನೌಕರರೋ ವರ್ಷದ ಗುತ್ತಿಗೆಯವರೋ, ಅವರ ಸಂಬಳ ಹೊರಗಿನ ಅನುದಾನದಿಂದ ಬರುತ್ತದೆಯೇ ಎಂದು ಕೇಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅಮೆರಿಕದ ಎಷ್ಟೋ ಆಫ್ರಿಕನ್ ಭಾಷಾ ತರಗತಿಗಳು 1958ರ ಕಾಯ್ದೆಯಿಂದ ಶುರುವಾದ ಸರ್ಕಾರಿ ಅನುದಾನದ ಆಸರೆಯಲ್ಲಿ ಬೆಳೆದವು. ಅನುದಾನ ನಿಂತ ವರ್ಷ ಮೊದಲು ಮುಚ್ಚುವುದು ಕಡಿಮೆ ಮಕ್ಕಳಿರುವ ಮೇಲಿನ ತರಗತಿಯೇ. ಹಾಗೆ ಮುಚ್ಚಿದರೆ ಬೇರೆ ವಿಶ್ವವಿದ್ಯಾಲಯದ ತರಗತಿಗೆ ವಿಡಿಯೋ ಮೂಲಕ ಸೇರಲು ಅವಕಾಶ ಇದೆಯೇ ಎಂದೂ ಕೇಳಿ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಕೂಟವಾದ ಬಿಗ್ ಟೆನ್‌ನ ಸದಸ್ಯರು ಹೀಗೆ ಒಬ್ಬರ ಭಾಷಾ ತರಗತಿಯನ್ನು ಇನ್ನೊಬ್ಬರಿಗೆ ಹಂಚಿಕೊಳ್ಳುತ್ತವೆ.

ಪ್ರಶ್ನೆ: ಹಾಗಾದರೆ ಯಾವ ಭಾಷೆ? ಸುಲಭವಾದದ್ದನ್ನು ಹೇಳಿ.

ಸುಲಭ ಎಂಬ ಕಾರಣಕ್ಕೆ ಆರಿಸಬೇಡಿ, ಯಾವ ಪ್ರದೇಶ ಓದಬೇಕೆಂದು ಮೊದಲು ಆರಿಸಿ. ಎರಡು ಸಾವಿರದಷ್ಟು ಭಾಷೆಗಳಿರುವ ಖಂಡ ಅದು. ಟಾಂಜಾನಿಯಾ, ಕೀನ್ಯಾ, ಪೂರ್ವ ಕಾಂಗೊ ಎಂದರೆ ಸ್ವಾಹಿಲಿ. ಉತ್ತರ ನೈಜೀರಿಯಾ ಮತ್ತು ನೈಜರ್‌ಗೆ ಹೌಸಾ. ನೈರುತ್ಯ ನೈಜೀರಿಯಾಕ್ಕೆ ಯೊರುಬಾ. ಸೆನೆಗಲ್‌ಗೆ ವೊಲೊಫ್, ಮಾಲಿಗೆ ಬಂಬಾರಾ, ಇಥಿಯೋಪಿಯಾಕ್ಕೆ ಅಂಹರಿಕ್ ಅಥವಾ ಒರೊಮೊ. ದಕ್ಷಿಣಕ್ಕೆ ಜುಲು, ಖೋಸಾ. ಇನ್ನೂ ಪ್ರದೇಶ ನಿರ್ಧಾರವಾಗಿಲ್ಲ ಎನ್ನುವವರಿಗೆ ಸ್ವಾಹಿಲಿ ಸೂಕ್ತ. ಹಲವು ದೇಶಗಳಲ್ಲಿ ನಡೆಯುತ್ತದೆ, ಆಫ್ರಿಕನ್ ಒಕ್ಕೂಟ 2022ರಲ್ಲಿ ಅದನ್ನು ತನ್ನ ಕಾರ್ಯಭಾಷೆಯಾಗಿ ಒಪ್ಪಿಕೊಂಡಿದೆ, ಕಲಿಸುವ ಕಾಲೇಜುಗಳೂ ಹೆಚ್ಚು.

ಪ್ರತಿ ಭಾಷೆಗೂ ಅದರದ್ದೇ ಕಷ್ಟ ಇದೆ. ಸ್ವಾಹಿಲಿಯಲ್ಲಿ ನಾಮಪದದ ತಲೆಯೇ ಬದಲಾಗುತ್ತದೆ. ‘ಕಿತಾಬು’ ಎಂದರೆ ಪುಸ್ತಕ, ಅರಬ್ಬಿಯಿಂದ ಬಂದ ಪದ. ಆದರೆ ಸ್ವಾಹಿಲಿ ಅದರ ‘ಕಿ’ಯನ್ನು ತನ್ನದೇ ಉಪಸರ್ಗ ಎಂದು ತಿಳಿದು ಬಹುವಚನವನ್ನು ‘ವಿತಾಬು’ ಮಾಡಿಕೊಂಡಿದೆ. ವಿಶೇಷಣವೂ ಹಿಂದೆಯೇ ಹೋಗುತ್ತದೆ: ‘ಕಿತಾಬು ಕಿಜೂರಿ’ ಒಳ್ಳೆಯ ಪುಸ್ತಕ, ‘ವಿತಾಬು ವಿಜೂರಿ’ ಒಳ್ಳೆಯ ಪುಸ್ತಕಗಳು. ಕ್ರಿಯಾಪದಕ್ಕೆ ಚೂರುಗಳನ್ನು ಪೋಣಿಸುವುದು ಕನ್ನಡದವರಿಗೆ ಹೊಸದಲ್ಲ, ಆದರೆ ಇಲ್ಲಿ ಚೂರುಗಳು ಮುಂದೆ ಬಂದು ಕೂರುತ್ತವೆ. ‘ನಿತಾಕುಓನಾ’ದಲ್ಲಿ ನಿ ಎಂದರೆ ನಾನು, ತಾ ಎಂದರೆ ಮುಂದೆ ಆಗುವ ಕೆಲಸ, ಕು ಎಂದರೆ ನಿನ್ನನ್ನು, ಓನಾ ಎಂದರೆ ನೋಡು. ನಿನ್ನನ್ನು ನೋಡುತ್ತೇನೆ ಎಂದರ್ಥ.

ಯೊರುಬಾದ ತೊಡಕು ಸ್ವರದ ಏರಿಳಿತದಲ್ಲಿದೆ. ‘ಒಕೊ’ ಎಂಬ ಎರಡಕ್ಷರವನ್ನು ಸಮನಾಗಿ ಹೇಳಿದರೆ ಗಂಡ. ಎರಡನೆಯದನ್ನು ಏರಿಸಿದರೆ ಗುದ್ದಲಿ. ಎರಡನೆಯದನ್ನು ಇಳಿಸಿದರೆ ವಾಹನ. ಎರಡನ್ನೂ ಇಳಿಸಿದರೆ ಭರ್ಜಿ. ಇದನ್ನು ಪುಸ್ತಕದಿಂದ ಕಲಿಯಲಾಗದು, ಎದುರಿಗೆ ಕೂತು ತಿದ್ದುವ ಗುರು ಬೇಕು. ಯೊರುಬಾಕ್ಕೆ ಧ್ವನಿಮುದ್ರಿತ ಪಾಠಗಳನ್ನೇ ನಂಬಿದ ಕಾಲೇಜನ್ನು ಬಿಟ್ಟುಬಿಡಿ.

ಅಂಹರಿಕ್ ಹೊರಗಿನಿಂದ ಭಯ ಹುಟ್ಟಿಸುತ್ತದೆ, ಏಕೆಂದರೆ ಲಿಪಿ ಬೇರೆ. ಆದರೆ ಕಾಗುಣಿತ ಕಲಿತವರಿಗೆ ಅದರ ಗುಟ್ಟು ಬೇಗ ಸಿಗುತ್ತದೆ. 33 ಮೂಲಾಕ್ಷರ, ಒಂದೊಂದಕ್ಕೂ ಏಳು ರೂಪ, ಒಟ್ಟು 231. ‘ಲ’ಕಾರದ ಅಕ್ಷರ ಕೈಕಾಲು ಬದಲಿಸುತ್ತಾ ಲು, ಲಿ, ಲಾ, ಲೋ ಆಗುತ್ತದೆ, ಥೇಟು ನಮ್ಮ ಕಾಗುಣಿತದ ಹಾಗೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದೂ ಕನ್ನಡದಂತೆಯೇ. ಕಷ್ಟ ಇರುವುದು ಕ್ರಿಯಾಪದದ ಒಳರಚನೆಯಲ್ಲಿ. ಅದಕ್ಕೆ ಎರಡನೇ ವರ್ಷದ ಪಾಠ ಗಟ್ಟಿಯಾಗಿರಬೇಕು.

ಪ್ಯಾರಿಸ್‌ನ ಇನಾಲ್ಕೊ (1795) ಮತ್ತು ನೇಪಲ್ಸ್‌ನ ಲೊರಿಯೆಂಟಾಲೆ ಆಫ್ರಿಕನ್ ಭಾಷೆಗಳಿಗೆ ಹೆಸರಾದ ಹಳೆಯ ಸಂಸ್ಥೆಗಳು. ಆದರೆ ಪಾಠ ನಡೆಯುವುದು ಫ್ರೆಂಚ್‌ನಲ್ಲಿ, ಇಟಾಲಿಯನ್‌ನಲ್ಲಿ. ವಿಯೆನ್ನಾದಲ್ಲಿ ಆಫ್ರಿಕಾ ಅಧ್ಯಯನಕ್ಕೇ ಪ್ರತ್ಯೇಕ ಬಿ.ಎ. ಇದೆ, ಅಲ್ಲಿ ಜರ್ಮನ್ ಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಲಂಡನ್‌ನ ಸೋಆಸ್ (1916) ಮತ್ತು 1964ರಲ್ಲಿ ಆಫ್ರಿಕನ್ ಭಾಷೆ-ಸಾಹಿತ್ಯ ವಿಭಾಗವಾಗಿ ಆರಂಭವಾಗಿ ಈಗ ಆಫ್ರಿಕನ್ ಸಾಂಸ್ಕೃತಿಕ ಅಧ್ಯಯನ ವಿಭಾಗವಾಗಿರುವ ವಿಸ್ಕಾನ್ಸಿನ್-ಮ್ಯಾಡಿಸನ್ ಅನ್ನು ಮೊದಲು ನೋಡಿ. ಯಾವ ಹೆಸರೇ ಆದರೂ ಮೇಲಿನ ಪ್ರಶ್ನೆಗಳನ್ನು ಕೇಳದೆ ನಂಬಬೇಡಿ. ಹತ್ತು ವರ್ಷದ ಹಿಂದಿನ ಕೀರ್ತಿ ಈ ವರ್ಷದ ಟೈಮ್‌ಟೇಬಲ್‌ನಲ್ಲಿ ಇರಬೇಕೆಂದಿಲ್ಲ.

ಒಂದು ಮಾತು ಬಿಟ್ಟುಹೋಗಬಾರದು. ಪಶ್ಚಿಮ ಆಫ್ರಿಕಾದಲ್ಲಿ ಹಿಂದೆ ಫ್ರೆಂಚರ ಆಳ್ವಿಕೆಯಲ್ಲಿದ್ದ ದೇಶಗಳ ಇತಿಹಾಸ ಓದುವವರಿಗೆ ಸ್ಥಳೀಯ ಭಾಷೆಯ ಜೊತೆ ಫ್ರೆಂಚ್ ಓದಲು ಬರಲೇಬೇಕು, ಅಂಗೋಲಾ-ಮೊಜಾಂಬಿಕ್‌ಗೆ ಪೋರ್ಚುಗೀಸ್. ವಸಾಹತು ಆಡಳಿತದ ಕಡತಗಳು ಹೆಚ್ಚಾಗಿ ಆ ಭಾಷೆಗಳಲ್ಲಿವೆ. ಹೌಸಾ ಮತ್ತು ಸ್ವಾಹಿಲಿಯ ಹಳೆಯ ಹಸ್ತಪ್ರತಿಗಳು ಅರಬ್ಬಿ ಲಿಪಿಯಲ್ಲಿವೆ. ಎರಡು ಭಾಷೆಗಳನ್ನು ಒಟ್ಟಿಗೆ ಓದಲು ನಿಮ್ಮ ಪದವಿಯ ನಿಯಮ ಬಿಡುತ್ತದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಕಾಲೇಜಿನ ವೆಬ್‌ಸೈಟ್‌ನಲ್ಲಿ ಆಫ್ರಿಕಾಕ್ಕೆ ಸಂಬಂಧಿಸಿದ ಎಂಬತ್ತಕ್ಕೂ ಹೆಚ್ಚು ಕೋರ್ಸ್‌ಗಳಿವೆ. ಇಷ್ಟಿದ್ದರೆ ಸಾಕಲ್ಲವೇ?

ಆ ಎಂಬತ್ತು ಬಹುಶಃ ಕೆಟಲಾಗಿನ ಸಂಖ್ಯೆ. ಕೆಟಲಾಗಿನಲ್ಲಿ ಒಮ್ಮೆ ಒಪ್ಪಿಗೆ ಸಿಕ್ಕ ಕೋರ್ಸ್, ಕಲಿಸುತ್ತಿದ್ದವರು ನಿವೃತ್ತರಾದರೂ ಅಲ್ಲೇ ಉಳಿಯುತ್ತದೆ. ನಿಮಗೆ ಬೇಕಾದದ್ದು ಸೆಮಿಸ್ಟರ್ ವೇಳಾಪಟ್ಟಿ, ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಅದು ಹೊರಗಿನವರಿಗೂ ಕಾಣುತ್ತದೆ. ಕಳೆದ ನಾಲ್ಕು ಸೆಮಿಸ್ಟರ್‌ಗಳದ್ದನ್ನು ತೆಗೆದು, ನಿಜವಾಗಿ ನಡೆದ ಕೋರ್ಸ್‌ಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಕಲಿಸಿದವರ ಹೆಸರು. ಎಂಬತ್ತು ಇದ್ದದ್ದು ಹದಿನೈದಕ್ಕೆ ಇಳಿದರೆ ಗಾಬರಿಯಾಗಬೇಡಿ. ಒಳ್ಳೆಯ ಹದಿನೈದು ಸಾಕು.

ಮುಂದೆ ಆ ಹದಿನೈದರ ಸಿಲಬಸ್ ಬಿಡಿಸಿ. ಬೇರೆ ವಿಭಾಗಗಳ ಕೋರ್ಸ್‌ಗಳನ್ನೂ ಆಫ್ರಿಕಾ ಪಟ್ಟಿಗೆ ಸೇರಿಸುವ ಪದ್ಧತಿ ಎಲ್ಲ ಕಡೆ ಇದೆ. ಅದರಲ್ಲಿ ತಪ್ಪಿಲ್ಲ, ಪ್ರಮಾಣ ಮುಖ್ಯ. ‘ಜಗತ್ತಿನ ಸಾಮ್ರಾಜ್ಯಗಳು’ ಎಂಬ ಹದಿನೈದು ವಾರಗಳ ಕೋರ್ಸ್‌ನಲ್ಲಿ ಒಂಬತ್ತನೇ ವಾರ ಮಾಲಿ ಸಾಮ್ರಾಜ್ಯ, ಹನ್ನೆರಡನೇ ವಾರ ಯುರೋಪಿನ ದೇಶಗಳು ಆಫ್ರಿಕಾವನ್ನು ಹಂಚಿಕೊಳ್ಳುವ ನಿಯಮ ಮಾಡಿಕೊಂಡ 1884–85ರ ಬರ್ಲಿನ್ ಸಮ್ಮೇಳನ, ಅಷ್ಟೇ ಇದ್ದರೆ ಅದು ಯುರೋಪಿನ ಕಥೆಯಲ್ಲಿ ಆಫ್ರಿಕಾದ ಎರಡು ವಾರ. ನಾಲ್ಕನೇ ಒಂದು ಭಾಗವಾದರೂ ಖಂಡದ ಬಗ್ಗೆ ಇಲ್ಲದ ಕೋರ್ಸನ್ನು ನಿಮ್ಮ ಎಣಿಕೆಯಿಂದ ತೆಗೆದುಬಿಡಿ. ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಆಫ್ರಿಕಾದ ಲೇಖಕರು ಎಷ್ಟಿದ್ದಾರೆ ಎಂದೂ ನೋಡಿ. ಕಾದಂಬರಿಕಾರರಲ್ಲಿ ಮಾತ್ರ ಆಫ್ರಿಕನ್ನರು, ಇತಿಹಾಸಕಾರರು ಮತ್ತು ಅರ್ಥಶಾಸ್ತ್ರಜ್ಞರೆಲ್ಲ ಹೊರಗಿನವರು ಎಂದಿದ್ದರೆ, ಅಲ್ಲಿ ಆಫ್ರಿಕಾದವರು ಕಥೆ ಹೇಳುತ್ತಾರೆ, ವಿಚಾರ ಬೇರೆಯವರದು ಎಂಬ ಹಳೆಯ ನಂಬಿಕೆ ಇನ್ನೂ ಉಸಿರಾಡುತ್ತಿದೆ. ಈ ವಿಷಯದಲ್ಲಿ ನಮಗೆ ರಾಜಿ ಇಲ್ಲ.

ಕೊನೆಗೆ ಹೆಸರುಗಳ ಸಾಲು ಎಣಿಸಿ. ಹದಿನೈದು ಕೋರ್ಸ್‌ಗಳಲ್ಲಿ ಒಂಬತ್ತನ್ನು ಒಬ್ಬರೇ ಕಲಿಸುತ್ತಿದ್ದರೆ ಅಪಾಯ. ಅವರು ಒಂದು ವರ್ಷ ಸಂಶೋಧನಾ ರಜೆ ಹಾಕಿದರೆ ನಿಮ್ಮ ಮೂರನೇ ವರ್ಷ ಖಾಲಿ. ಕನಿಷ್ಠ ಮೂವರು ಕಾಯಂ ಅಧ್ಯಾಪಕರು, ಮೂರು ಬೇರೆ ಬೇರೆ ಶಾಸ್ತ್ರಗಳಿಂದ, ಸಾಧ್ಯವಾದರೆ ಇಬ್ಬರಾದರೂ ನಿಮ್ಮ ಪ್ರದೇಶದ ಮೇಲೆ ಕೆಲಸ ಮಾಡಿದವರು ಇರಲಿ. ಪ್ರತಿ ಕೇಂದ್ರಕ್ಕೂ ಒಂದು ಒಲವು ಇರುತ್ತದೆ. ಬರ್ಮಿಂಗ್‌ಹ್ಯಾಂನ ವಿಭಾಗ 1963ರಲ್ಲಿ ಹುಟ್ಟಿದ್ದೇ ಪಶ್ಚಿಮ ಆಫ್ರಿಕಾ ಅಧ್ಯಯನ ಕೇಂದ್ರವಾಗಿ. ಜಪಾನಿನ ಕ್ಯೋಟೊ ಕೇಂದ್ರ (1986) ಪರಿಸರ ಮತ್ತು ಕ್ಷೇತ್ರಕಾರ್ಯಕ್ಕೆ ಹೆಸರಾದದ್ದು. ಜರ್ಮನಿಯ ಬೈರಾಯ್ಟ್ ಆಫ್ರಿಕಾವನ್ನೇ ತನ್ನ ವಿಶ್ವವಿದ್ಯಾಲಯದ ಮುಖ್ಯ ವಿಷಯಗಳಲ್ಲಿ ಒಂದಾಗಿಸಿಕೊಂಡಿದೆ. ಇಥಿಯೋಪಿಯಾದ ಮೇಲೆ ಕೆಲಸ ಮಾಡಬೇಕೆಂದಿರುವವರು ಇಂಥ ಒಲವು ನೋಡದೆ ಪಶ್ಚಿಮ ಆಫ್ರಿಕಾದ ಕೇಂದ್ರ ಸೇರಿದರೆ, ಪ್ರಬಂಧಕ್ಕೆ ಮಾರ್ಗದರ್ಶಕರು ಸಿಗದೆ ಒದ್ದಾಡಬೇಕಾಗುತ್ತದೆ.

ಪ್ರಶ್ನೆ: ಆಫ್ರಿಕಾ ಬಗ್ಗೆ ಓದಲು ಆಫ್ರಿಕಾಕ್ಕೇ ಹೋಗಬಾರದೇಕೆ? ಎಲ್ಲರೂ ಲಂಡನ್, ಅಮೆರಿಕ ಅಂತಲೇ ಹೇಳುತ್ತಾರೆ.

ಹೋಗಬಹುದು. ಈ ಪ್ರಶ್ನೆ ಕೇಳಿದವರು ಇಬ್ಬರೇ ಎಂಬುದು ನಮಗೆ ಬೇಸರದ ಸಂಗತಿ.

ಘಾನಾದ ಲೆಗೋನ್‌ನಲ್ಲಿರುವ ಆಫ್ರಿಕಾ ಅಧ್ಯಯನ ಸಂಸ್ಥೆ 1961ರದು. 1963ರ ಅಕ್ಟೋಬರ್ 25ರಂದು ಆಗಿನ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಘಾನಾ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಓದುವವರಾದರೂ ಆಫ್ರಿಕಾ ಅಧ್ಯಯನದ ಒಂದು ಕೋರ್ಸ್ ಕಡ್ಡಾಯ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಕಿಸ್ವಾಹಿಲಿ (ಸ್ವಾಹಿಲಿ) ಅಧ್ಯಯನ ಸಂಸ್ಥೆಯ ಬೇರು 1930ರ ಭಾಷಾ ಸಮಿತಿಯವರೆಗೆ ಹೋಗುತ್ತದೆ. ಸ್ವಾಹಿಲಿಯನ್ನು ಸ್ವಾಹಿಲಿಯಲ್ಲೇ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆಡಿಸ್ ಅಬಾಬಾದ ಇಥಿಯೋಪಿಯಾ ಅಧ್ಯಯನ ಸಂಸ್ಥೆ 1963ರದು. ನೈಜೀರಿಯಾದ ಇಬಾಡನ್, ಉಗಾಂಡಾದ ಮಕೆರೆರೆ, ಸೆನೆಗಲ್‌ನ ಡಕಾರ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಒಂದೊಂದಕ್ಕೂ ತನ್ನದೇ ಪರಂಪರೆ ಇದೆ.

ಆದರೆ ಅಲ್ಲಿ ಹುಡುಕುವ ರೀತಿ ಬೇರೆ. ನಮ್ಮದನ್ನು ನಾವು ಓದುವಾಗ ಅದಕ್ಕೆ ಪ್ರತ್ಯೇಕ ಹೆಸರು ಬೇಕಾಗುವುದಿಲ್ಲವಲ್ಲ, ಹಾಗೆಯೇ ಅಲ್ಲಿ ಆಫ್ರಿಕಾ ಅಧ್ಯಯನ ಎಂಬ ಬಿ.ಎ. ಕಡಿಮೆ. ಅದು ಇತಿಹಾಸ, ಭಾಷಾಶಾಸ್ತ್ರ, ಪುರಾತತ್ವ, ಸಮಾಜಶಾಸ್ತ್ರದ ಪದವಿಗಳ ಒಳಗೇ ಇರುತ್ತದೆ. ಆ ವಿಭಾಗಗಳ ಹೆಸರಿನಲ್ಲಿ ಹುಡುಕಿ.

ಕ್ಯಾಲೆಂಡರ್ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಶೈಕ್ಷಣಿಕ ವರ್ಷ ಫೆಬ್ರವರಿಯಲ್ಲಿ ಶುರು. ಹಾಗಾಗಿ ಒಂದೇ ಸೆಮಿಸ್ಟರ್‌ಗೆ ಹೋಗುವವರು ಅಲ್ಲಿನ ಎರಡನೇ ಸೆಮಿಸ್ಟರ್, ಅಂದರೆ ಜುಲೈನಲ್ಲಿ ಹೋಗಬೇಕು. ಅಷ್ಟರಲ್ಲಿ ನಿಮ್ಮ ಕಾಲೇಜಿನ ಹಿಂದಿನ ಪರೀಕ್ಷೆಗಳು ಮುಗಿದಿರಬೇಕು. ನೈಜೀರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಮುಷ್ಕರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2020ರಲ್ಲಿ ಒಂಬತ್ತು ತಿಂಗಳು, 2022ರಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಎಂಟು ತಿಂಗಳು ಪಾಠ ನಿಂತಿತ್ತು. ಅಧ್ಯಾಪಕರ ಬೇಡಿಕೆಗಳಲ್ಲಿ ನ್ಯಾಯವಿದೆ, ಹಾಸ್ಟೆಲ್‌ನಲ್ಲಿ ಕಾಯುವ ಹೊರದೇಶದ ವಿದ್ಯಾರ್ಥಿಯ ವೀಸಾ ಅವಧಿ ಮಾತ್ರ ಅದಕ್ಕೆ ಕಾಯುವುದಿಲ್ಲ. ಅಲ್ಲಿಗೆ ಹೋಗುವವರು ವೀಸಾ ವಿಸ್ತರಣೆಯ ನಿಯಮ ಮತ್ತು ಒಂದು ವರ್ಷದ ಹೆಚ್ಚುವರಿ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮೂರನೆಯ ದಾರಿಯೂ ಇದೆ, ಬಹಳ ಮಂದಿಗೆ ಅದೇ ಸೂಕ್ತ. ಪದವಿ ಒಂದು ಕಡೆ, ಅದರೊಳಗೆ ಪೂರ್ತಿ ಒಂದು ವರ್ಷ ಲೆಗೋನ್‌ನಲ್ಲೋ ದಾರ್‌ನಲ್ಲೋ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ನಾನು ಸ್ಥಳೀಯ ವಿದ್ಯಾರ್ಥಿಗಳ ಜೊತೆ ಕೂತು ಅವರ ಅಧ್ಯಾಪಕರಿಂದ ಪಾಠ ಕೇಳುತ್ತೇನೆಯೇ ಅಥವಾ ನಮ್ಮ ಕಾಲೇಜು ಬಾಡಿಗೆಗೆ ಹಿಡಿದ ಕಟ್ಟಡದಲ್ಲಿ ನಮ್ಮವರೇ ಸೇರಿ ಓದುತ್ತೇವೆಯೇ? ಎರಡನೆಯದಾದರೆ ಖರ್ಚು ದಂಡ.

ಪ್ರಶ್ನೆ: ಮಗಳು ಹಟ ಹಿಡಿದಿದ್ದಾಳೆ. ನಾವು ಬೇಡ ಅನ್ನುತ್ತಿಲ್ಲ, ಆದರೆ ಇದು ಓದಿದರೆ ಕೆಲಸ ಎಲ್ಲಿ ಸಿಗುತ್ತದೆ?

ನಿಮ್ಮ ಆತಂಕ ಸರಿಯಾದದ್ದೇ. ಬರಿಯ ಆಫ್ರಿಕಾ ಅಧ್ಯಯನದ ಬಿ.ಎ. ನೇರವಾಗಿ ಒಂದು ಹುದ್ದೆಗೆ ಕರೆದೊಯ್ಯುವುದಿಲ್ಲ. ಅದರ ಜೊತೆ ಇನ್ನೊಂದು ಗಟ್ಟಿ ವಿಷಯ ಇರಬೇಕು. ಅರ್ಥಶಾಸ್ತ್ರ, ಸಾರ್ವಜನಿಕ ಆರೋಗ್ಯ, ಕಾನೂನು, ಸಂಖ್ಯಾಶಾಸ್ತ್ರ, ಪತ್ರಿಕೋದ್ಯಮ, ಭೂಗೋಳ, ಯಾವುದಾದರೂ ಒಂದು. ಜಂಟಿ ಪದವಿ ಇರುವ ಕಾಲೇಜಿಗೆ ಈ ಕಾರಣಕ್ಕೇ ಹೆಚ್ಚು ಅಂಕ ಕೊಡಿ.

ಕೆಲಸ ಇರುವ ಊರುಗಳನ್ನು ನೋಡಿದರೆ ಯಾವ ಜೋಡಿ ಬೇಕೆಂದು ಹೊಳೆಯುತ್ತದೆ. ಆಡಿಸ್ ಅಬಾಬಾದಲ್ಲಿ ಆಫ್ರಿಕನ್ ಒಕ್ಕೂಟದ ಮತ್ತು 1958ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗದ ಕೇಂದ್ರ ಕಚೇರಿಗಳಿವೆ. ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್. ಘಾನಾದ ಅಕ್ರಾದಲ್ಲಿ ಖಂಡದ ಮುಕ್ತ ವ್ಯಾಪಾರ ವಲಯದ ಸಚಿವಾಲಯ, ಆ ಒಪ್ಪಂದದಡಿ ವ್ಯಾಪಾರ ಶುರುವಾದದ್ದು 2021ರ ಜನವರಿ 1ರಂದು. ಇವುಗಳ ಸುತ್ತ ಸಂಶೋಧನಾ ಸಂಸ್ಥೆಗಳು, ಸುದ್ದಿಸಂಸ್ಥೆಗಳು, ವ್ಯಾಪಾರ ಸಂಸ್ಥೆಗಳು. ಈ ಕಡೆಗಳಲ್ಲಿ ಇಂಗ್ಲಿಷ್ ಜೊತೆ ಫ್ರೆಂಚ್ ಬಲ್ಲವರಿಗೆ ಬಾಗಿಲು ಬೇಗ ತೆರೆಯುತ್ತದೆ. ಮೂರನೆಯದಾಗಿ ಒಂದು ಆಫ್ರಿಕನ್ ಭಾಷೆಯೂ ಬಂದರೆ ಮಗಳು ಬೇರೆಯೇ ಸಾಲಿನಲ್ಲಿ ನಿಲ್ಲುತ್ತಾಳೆ. ಅಧ್ಯಾಪನ, ಗ್ರಂಥಾಲಯ, ಸಂಗ್ರಹಾಲಯದ ಕಡೆ ಹೋಗುವುದಾದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು ಎಂದು ಈಗಲೇ ಲೆಕ್ಕ ಇಟ್ಟುಕೊಳ್ಳಿ.

ಕಾಲೇಜನ್ನು ಕೇಳಿ, ಕಳೆದ ಐದು ವರ್ಷಗಳಲ್ಲಿ ಈ ಪದವಿ ಪಡೆದವರು ಈಗ ಎಲ್ಲಿದ್ದಾರೆ? ಸಣ್ಣ ವಿಭಾಗಗಳು ತಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯ ಸುದ್ದಿ ಇಟ್ಟುಕೊಂಡಿರುತ್ತವೆ. ಉತ್ತರ ಕೊಡಲು ತಡವರಿಸುವ ವಿಭಾಗದ ಬಗ್ಗೆ ಎರಡು ಸಲ ಯೋಚಿಸಿ.

ಪ್ರಶ್ನೆ: ಲೈಬ್ರರಿ ಚೆನ್ನಾಗಿದೆಯೋ ಇಲ್ಲವೋ ಮನೆಯಲ್ಲೇ ಕೂತು ತಿಳಿಯುವುದು ಹೇಗೆ?

ಕಾಲೇಜಿನ ಗ್ರಂಥಾಲಯದ ಆನ್‌ಲೈನ್ ಕೆಟಲಾಗ್ ತೆರೆದು ಪ್ರಕಟಣೆಯ ಸ್ಥಳದಿಂದ ಹುಡುಕಿ: ನೈರೋಬಿ, ಇಬಾಡನ್, ಡಕಾರ್, ಹರಾರೆ. ಕಳೆದ ಹತ್ತು ವರ್ಷಗಳಲ್ಲಿ ಅಲ್ಲಿ ಅಚ್ಚಾದ ಪುಸ್ತಕಗಳು ಬಂದಿವೆಯೇ ನೋಡಿ. ಬರಿ ಲಂಡನ್, ನ್ಯೂಯಾರ್ಕ್ ಪ್ರಕಟಣೆಗಳೇ ತುಂಬಿದ್ದರೆ ಆ ಸಂಗ್ರಹವನ್ನು ವಿಷಯ ಬಲ್ಲವರು ಕಟ್ಟಿಲ್ಲ. ಆಫ್ರಿಕಾ ವಿಷಯಕ್ಕೇ ಒಬ್ಬ ಗ್ರಂಥಪಾಲಕರು ಇದ್ದಾರೆಯೇ ಎಂಬುದು ಇನ್ನೊಂದು ಗುರುತು. ನಾರ್ತ್‌ವೆಸ್ಟರ್ನ್‌ನ ಹರ್ಸ್ಕೊವಿಟ್ಸ್ ಗ್ರಂಥಾಲಯ ಮತ್ತು ಲೈಡನ್‌ನ ಆಫ್ರಿಕಾ ಅಧ್ಯಯನ ಕೇಂದ್ರದ (1947) ಸಂಗ್ರಹ ಈ ಕ್ಷೇತ್ರದ ದೊಡ್ಡ ಆಸ್ತಿಗಳು. ನಿಮ್ಮ ಕಾಲೇಜು ಚಿಕ್ಕದಾದರೆ, ಬೇರೆ ಗ್ರಂಥಾಲಯಗಳಿಂದ ಪದವಿ ವಿದ್ಯಾರ್ಥಿಗೂ ಪುಸ್ತಕ ತರಿಸಿಕೊಡುತ್ತಾರೆಯೇ ಎಂದು ಕೇಳಿ.

ಪ್ರಶ್ನೆ: ದೂರಶಿಕ್ಷಣದಲ್ಲಿ ಮಾಡಬಹುದೇ?

ಭಾಷೆ ಮತ್ತು ಸಿದ್ಧಾಂತದ ಮಟ್ಟಿಗೆ ಮಾಡಬಹುದು. ದಕ್ಷಿಣ ಆಫ್ರಿಕಾದ ಯೂನಿಸಾ 1946ರಿಂದ ಅಂಚೆ ಶಿಕ್ಷಣ ನಡೆಸಿಕೊಂಡು ಬಂದಿದೆ, ಆಫ್ರಿಕನ್ ಭಾಷೆಗಳೂ ಅಲ್ಲಿವೆ. ಮಾತನಾಡುವ ಅಭ್ಯಾಸಕ್ಕೆ ಬೇರೆ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು.

ಪ್ರಶ್ನೆ: ಅರ್ಜಿಯ ಜೊತೆ ಬರೆಯಬೇಕಾದ ಸ್ವಪರಿಚಯದಲ್ಲಿ ಏನು ಬರೆದರೆ ಒಳ್ಳೆಯದು?

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಸಲ್ಲಿಸುವ ಯುಕಾಸ್ ಅರ್ಜಿಯಲ್ಲಿ ಎಲ್ಲ ಸೇರಿ 4,000 ಅಕ್ಷರ ಸ್ಥಳ, ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯ ಏಕೆ, ಇದುವರೆಗಿನ ಓದು ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ.

‘ಚಿಕ್ಕಂದಿನಿಂದಲೂ ಆಫ್ರಿಕಾದ ಸಂಸ್ಕೃತಿ, ವನ್ಯಜೀವಿ ಮತ್ತು ಬಡತನದ ಬಗ್ಗೆ ಆಸಕ್ತಿ’ ಎಂಬ ವಾಕ್ಯ ಓದುವವರನ್ನು ಮೊದಲ ಸಾಲಿನಲ್ಲೇ ಕಳೆದುಕೊಳ್ಳುತ್ತದೆ. ವಿಶ್ವಸಂಸ್ಥೆಯ 54 ಸದಸ್ಯ ರಾಷ್ಟ್ರಗಳನ್ನು ಒಂದು ಊರಿನಂತೆ ನೋಡಿದ್ದಾರೆ ಎಂದು ತಿಳಿಯುತ್ತದೆ. ‘ಸಹಾಯ ಮಾಡಬೇಕು’ ಎಂದು ಬರೆಯುವುದೂ ಬೇಡ. ನಿಮ್ಮನ್ನು ಕರೆಯುತ್ತಿರುವುದು ಕಲಿಯಲು.

ಬದಲಿಗೆ ಒಂದು ಜಾಗ, ಒಂದು ಕಾಲ, ಒಂದು ಒಗಟು ಇಟ್ಟುಕೊಳ್ಳಿ. ಉದಾಹರಣೆಗೆ, ‘1967ರ ನಂತರ ಟಾಂಜಾನಿಯಾ ಪ್ರಾಥಮಿಕ ಶಾಲೆಗಳಲ್ಲಿ ಸ್ವಾಹಿಲಿಯನ್ನು ಬೋಧನಾ ಭಾಷೆ ಮಾಡಿತು, ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನೇ ಉಳಿಸಿಕೊಂಡಿತು. ಆ ಹೊಸ್ತಿಲು ದಾಟುವಾಗ ಮಕ್ಕಳಿಗೆ ಏನಾಗುತ್ತದೆ ಎಂದು ತಿಳಿಯಬೇಕು.’ ಇಂಥ ಎರಡು ಸಾಲು ಬರೆದವರಿಗೆ ಉಳಿದ ಅಕ್ಷರಗಳು ತಾನಾಗಿ ಬರುತ್ತವೆ. ಜೊತೆಗೆ ಆ ಕಾಲೇಜಿನಲ್ಲಿ ಸ್ವಾಹಿಲಿ ಎಷ್ಟನೇ ವರ್ಷದವರೆಗೆ ಇದೆ ಎಂದು ಮೊದಲೇ ನೋಡಿಕೊಂಡಿದ್ದೀರಲ್ಲ, ಯುಕಾಸ್ ಅಲ್ಲದ ಅರ್ಜಿಗಳಲ್ಲಿ ಅದನ್ನೂ ಉಲ್ಲೇಖಿಸಿ. ಯುಕಾಸ್‌ನ ಒಂದೇ ಬರಹ ಐದು ಕಾಲೇಜುಗಳಿಗೆ ಹೋಗುವುದರಿಂದ ಅಲ್ಲಿ ಒಂದರ ಹೆಸರು ಹಾಕಬಾರದು.

ಪ್ರಶ್ನೆ: ಕೊನೆಯ ವರ್ಷದ ಪ್ರಬಂಧಕ್ಕೆ ಕೀನ್ಯಾಕ್ಕೆ ಹೋಗಬೇಕೆಂದಿದ್ದೇನೆ. ಈಗಿನಿಂದಲೇ ಏನು ಸಿದ್ಧತೆ ಬೇಕು?

ಪ್ರವಾಸಿಯಾಗಿ ಹೋಗಿ ಸಂದರ್ಶನ ಮಾಡಿಕೊಂಡು ಬರುವುದು ನಿಯಮಬಾಹಿರ. ಕೀನ್ಯಾದಲ್ಲಿ ನಕೋಸ್ಟಿ, ಟಾಂಜಾನಿಯಾದಲ್ಲಿ ಕೋಸ್ಟೆಕ್, ಉಗಾಂಡಾದಲ್ಲಿ ರಾಷ್ಟ್ರೀಯ ವಿಜ್ಞಾನ-ತಂತ್ರಜ್ಞಾನ ಮಂಡಳಿ ಸಂಶೋಧನೆಗೆ ಅನುಮತಿ ಕೊಡುತ್ತವೆ. ಅದಕ್ಕೂ ಮುಂಚೆ ನಿಮ್ಮ ಕಾಲೇಜಿನಲ್ಲಿ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಒಪ್ಪಿಗೆ ಮತ್ತು ಅಲ್ಲಿನ ಒಂದು ಸಂಸ್ಥೆಯ ಜೊತೆ ಸಂಪರ್ಕ ಬೇಕು. ಒಂದು ಕಾಗದ ಇನ್ನೊಂದಕ್ಕೆ ಕಾಯುತ್ತದೆ, ಆದ್ದರಿಂದ ಪ್ರಯಾಣಕ್ಕೆ ಕನಿಷ್ಠ ಆರು ತಿಂಗಳ ಮೊದಲು ಶುರುಮಾಡಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ, ಹೊರಡುವ ಹಿಂದಿನ ವಾರ ಹೋದರೆ ಪ್ರಯೋಜನವಿಲ್ಲ. 2016ರ ಜುಲೈನಿಂದ ಅದು ಜೀವನಪೂರ್ತಿ ಮಾನ್ಯ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನೇ ಕೇಳಿ.

ಇನ್ನು ಸ್ವಾಹಿಲಿಯ ಮೂರನೇ ವರ್ಷವನ್ನು ಈ ಪ್ರಯಾಣದ ಮೊದಲೇ ಮುಗಿಸಲು ಆಗುವಂತೆ ಮೊದಲ ಸೆಮಿಸ್ಟರ್‌ನಿಂದಲೇ ಹೆಸರು ಬರೆಸಿ. ಒಂದು ಸೆಮಿಸ್ಟರ್ ತಡಮಾಡಿದರೆ, ವರ್ಷಕ್ಕೊಮ್ಮೆ ಮಾತ್ರ ಶುರುವಾಗುವ ಆ ತರಗತಿಗೆ ಇಡೀ ವರ್ಷ ಕಾಯಬೇಕಾಗುತ್ತದೆ.